ಹೆಂಡದಂಗಡಿ ಮುಚ್ಚಿಸಿದ ಕಲಬುರಗಿ ಸುಲ್ತಾನ: ದರೋಡೆ ನಿಂತಿದ್ದು ಮದ್ಯ ನಿಷೇಧದಿಂದಲೇ?

ಮದ್ಯ ನಿಷೇಧದ ಮಾತು ಬಂದಾಗಲೆಲ್ಲ ನಮ್ಮ ಮೊಬೈಲಿಗೆ ಎರಡು ಬಗೆಯ ಸಂದೇಶಗಳು ಬರುತ್ತವೆ. ಹಿಂದಿನ ರಾಜರು ಒಂದೇ ಆಜ್ಞೆಯಲ್ಲಿ ಕುಡಿತ ನಿಲ್ಲಿಸಿದರು, ಅದರ ಜೊತೆಗೇ ಕಳ್ಳತನವೂ ನಿಂತಿತು, ಈಗಿನ ಸರ್ಕಾರಗಳಿಗೆ ಯಾಕೆ ಆಗುವುದಿಲ್ಲ ಎಂದು ಕೇಳುವುದು ಮೊದಲನೆಯದು. ದುಡ್ಡು ನನ್ನದು, ಹೊಟ್ಟೆ ನನ್ನದು, ನಡುವೆ ಸರ್ಕಾರಕ್ಕೇನು ಕೆಲಸ ಎಂದು ಕೇಳುವುದು ಎರಡನೆಯದು. ಎರಡನ್ನೂ ಜನ ಅಷ್ಟೇ ಜೋರಾಗಿ ಹಂಚುತ್ತಾರೆ.

ಈ ಎರಡೂ ವಾದಗಳನ್ನು ಪರೀಕ್ಷಿಸಲು ಕಲಬುರಗಿ ಕೋಟೆಯಲ್ಲೇ ಆಳಿದ ಒಬ್ಬ ದೊರೆಯ ಬದುಕು ಸಾಕು. ಅವನು ಬಹಮನಿ ವಂಶದ ಎರಡನೇ ಸುಲ್ತಾನ, ಒಂದನೇ ಮುಹಮ್ಮದ್ ಷಾ. 1358ರಿಂದ 1375ರವರೆಗೆ ಆಳಿದ. ರಾಜ್ಯದ ಹೆಂಡದ ಭಟ್ಟಿಗಳನ್ನು ಮುಚ್ಚಿಸಿದ. ಅದೇ ಹೊತ್ತಿಗೆ ದಾರಿ ದರೋಡೆಯೂ ಅಡಗಿತು. ಇಷ್ಟನ್ನೇ ಬರೆದು ಕಳಿಸಿದರೆ ಒಳ್ಳೆಯ ಫಾರ್ವರ್ಡ್ ಆಗುತ್ತದೆ. ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ.

ಚಿಕ್ಕ ಉತ್ತರ ಬೇಕಿದ್ದರೆ ಇಲ್ಲಿದೆ: ಭಟ್ಟಿ ಮುಚ್ಚಿಸಿದ ಎಂದು ಇತಿಹಾಸಕಾರರು ಬರೆದಿರುವುದು ನಿಜ. ಅದರಿಂದಲೇ ದರೋಡೆ ನಿಂತಿತು ಎನ್ನಲು ಆಧಾರವಿಲ್ಲ. ಆ ಕಾಲದಲ್ಲಿ ಅತಿ ಹೆಚ್ಚು ಜೀವಗಳಿಗೆ ಕುತ್ತು ತಂದ ಕುಡಿತ ಯಾವುದೆಂದು ಹುಡುಕಿದರೆ, ಅದು ಬೀದಿಯ ಅಂಗಡಿಯಲ್ಲಿ ಸಿಗುವುದಿಲ್ಲ, ಅರಮನೆಯಲ್ಲಿ ಸಿಗುತ್ತದೆ.

ಯಾರು ಈ ಮುಹಮ್ಮದ್ ಷಾ?

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ದೆಹಲಿಯ ತುಘಲಕರ ಹಿಡಿತದಿಂದ ದಖ್ಖನ್ನನ್ನು ಬಿಡಿಸಿಕೊಂಡು ಹೊಸ ರಾಜ್ಯ ಕಟ್ಟಿದ. ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಅದಕ್ಕೂ ಮೊದಲೇ ಇಲ್ಲಿದ್ದ ಕೋಟೆಯನ್ನು ಬಲಪಡಿಸಿದ. 1358ರಲ್ಲಿ ಅವನು ತೀರಿಕೊಂಡಾಗ ಮಗ ಮುಹಮ್ಮದ್ ಪಟ್ಟಕ್ಕೆ ಬಂದ.

ತಂದೆ ರಾಜ್ಯ ಗೆದ್ದ. ಅದಕ್ಕೊಂದು ವ್ಯವಸ್ಥೆ ಕೊಟ್ಟವನು ಮಗ. ರಾಜ್ಯ ಕಲಬುರಗಿ, ದೌಲತಾಬಾದ್, ಬೀರಾರ್ ಮತ್ತು ಬೀದರ್ ಎಂಬ ನಾಲ್ಕು ತರಫ್‌ಗಳಾಗಿತ್ತು. ಪ್ರತಿ ತರಫ್‌ಗೆ ಒಬ್ಬ ಅಧಿಕಾರಿ. ಸುಲ್ತಾನನೇ ವರ್ಷವರ್ಷ ಪ್ರಾಂತ್ಯಗಳಿಗೆ ಹೋಗಿ ಬರುತ್ತಿದ್ದ. ಮಂತ್ರಿಗಳಿಗೆ ಖಾತೆ ಹಂಚಿದ. ಅವರಲ್ಲಿ ಹಿರಿಯ ಸೈಫುದ್ದೀನ್ ಘೋರಿ. ಬಹಮನಿ ಆಡಳಿತದ ಚೌಕಟ್ಟು ಬಹುಮಟ್ಟಿಗೆ ಈ ಕಾಲದಲ್ಲಿ ಗಟ್ಟಿಯಾಯಿತು.

ಅವನ ಆಳ್ವಿಕೆಯ ರೀತಿ ತಿಳಿಯಲು ನಾಣ್ಯದ ಪ್ರಸಂಗ ಒಂದು ಸಾಕು. ಮುಹಮ್ಮದ್ ತನ್ನ ಹೆಸರಿನ ಚಿನ್ನದ ನಾಣ್ಯ ಚಲಾವಣೆಗೆ ತಂದ. ಜನರಿಗೆ ಹಳೆಯ ಹೊನ್ನು, ವರಹಗಳ ಮೇಲೆಯೇ ನಂಬಿಕೆ. ಅಕ್ಕಸಾಲಿಗರು ಮತ್ತು ಚಿನಿವಾರರು ಹೊಸ ನಾಣ್ಯವನ್ನು ಕರಗಿಸತೊಡಗಿದರು. ಎಚ್ಚರಿಕೆ ಕೊಟ್ಟರೂ ನಿಲ್ಲದಿದ್ದಾಗ ಸುಲ್ತಾನ ಅವರನ್ನು ಕೊಲ್ಲಿಸಿದ ಎಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಯಾವ ನಾಣ್ಯ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೂ ಉತ್ತರ ಕತ್ತಿಯಲ್ಲೇ ಬಂತು. ಮುಂದೆ ಹೆಂಡದ ವಿಷಯ ಬಂದಾಗಲೂ ಈ ರೀತಿಯನ್ನು ಮರೆಯಬಾರದು.

ಅಮಲಿನಲ್ಲಿ ಬರೆದ ಹುಂಡಿ

ತೆಲಂಗಾಣದ ದೊರೆಯೊಂದಿಗೆ ನಡೆದ ಯುದ್ಧದ ನಂತರ ಮುಹಮ್ಮದನಿಗೆ ಗೋಲ್ಕೊಂಡ ಸಿಕ್ಕಿತು. ಜೊತೆಗೆ ಹೆಸರಾಂತ ವೈಡೂರ್ಯದ ಸಿಂಹಾಸನ, ಅಂದರೆ ತಖ್ತ್-ಎ-ಫಿರೋಜಾ ಕಾಣಿಕೆಯಾಗಿ ಬಂತು. ತಂದೆಯ ಬೆಳ್ಳಿ ಸಿಂಹಾಸನ ಬದಿಗೆ ಸರಿಯಿತು. ಕಲಬುರಗಿಯಲ್ಲಿ ದೊಡ್ಡ ಸಂಭ್ರಮ. ದೆಹಲಿಯಿಂದ ಸುಮಾರು 300 ಮಂದಿ ಗಾಯಕರು ಬಂದಿದ್ದರು.

ಫೆರಿಷ್ತಾ ಹೇಳುವ ಪ್ರಕಾರ, ಮದ್ಯದ ಅಮಲಿನಲ್ಲಿದ್ದ ಸುಲ್ತಾನ ಆ ಗಾಯಕರಿಗೆ ಸಂಭಾವನೆ ಕೊಡಲು ಒಂದು ಹುಂಡಿ ಬರೆಸಿದ. ಹಣ ಕೊಡಬೇಕಾದದ್ದು ತನ್ನ ಖಜಾನೆಯಲ್ಲ, ವಿಜಯನಗರದ ಬುಕ್ಕರಾಯನ ಖಜಾನೆ! ಮಂತ್ರಿ ಸೈಫುದ್ದೀನ್ ಘೋರಿ ಇದು ಅಮಲಿನ ಮಾತು, ಬೆಳಗಾದರೆ ಮರೆಯುತ್ತಾನೆ ಎಂದುಕೊಂಡು ಹುಂಡಿಯನ್ನು ಕಳಿಸದೆ ಇಟ್ಟುಕೊಂಡ. ಮರುದಿನ ಸುಲ್ತಾನ ಅದರ ಬಗ್ಗೆ ವಿಚಾರಿಸಿದ. ಕಳಿಸಲೇಬೇಕು ಎಂದು ಹಟ ಹಿಡಿದ. ಅಮಲು ಇಳಿದಿತ್ತು, ಅಹಂಕಾರ ಇಳಿದಿರಲಿಲ್ಲ.

ಬುಕ್ಕರಾಯ ಇದನ್ನು ಅವಮಾನವೆಂದೇ ತೆಗೆದುಕೊಂಡ. ಹುಂಡಿ ತಂದವನನ್ನು ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿ ಅಟ್ಟಿದ. ಸೈನ್ಯ ತೆಗೆದುಕೊಂಡು ಬಂದು ಈಗಿನ ರಾಯಚೂರು ಜಿಲ್ಲೆಯ ಮುದಗಲ್ ಕೋಟೆಯನ್ನು ಹಿಡಿದ. ಅಲ್ಲಿದ್ದ ಬಹಮನಿ ಪಡೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಸತ್ತರು. ಸುದ್ದಿ ತಂದ ಆ ಒಬ್ಬನನ್ನೂ, ಉಳಿದವರ ಜೊತೆ ಸಾಯಲಿಲ್ಲವೆಂಬ ಸಿಟ್ಟಿಗೆ, ಸುಲ್ತಾನ ಕೊಲ್ಲಿಸಿದ. ಆಮೇಲೆ ನಡೆದದ್ದು ಭೀಕರ ಯುದ್ಧ. ಹಳ್ಳಿಗಳಲ್ಲಿ ಆಯುಧ ಹಿಡಿಯದ ಜನ, ಹೆಂಗಸರು, ಮಕ್ಕಳು ಸತ್ತರು. ಫೆರಿಷ್ತಾ ಕೊಡುವ ಸಂಖ್ಯೆಗಳು ಉಬ್ಬಿಸಿದವು ಎಂದು ಇತಿಹಾಸಕಾರರು ಎಚ್ಚರಿಸುತ್ತಾರೆ. ಸಾವು ದೊಡ್ಡದಾಗಿತ್ತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಕೊನೆಗೆ ಸಂಧಿಯಾಯಿತು. ಗಾಯಕರ ಹಣ ವಿಜಯನಗರದಿಂದಲೇ ಸಂದಾಯವಾಯಿತು. ಇನ್ನು ಮುಂದೆ ನಿರಾಯುಧರನ್ನು ಕೊಲ್ಲಬಾರದು ಎಂಬ ಒಪ್ಪಂದವೂ ಆಯಿತು.

ಹೆಂಡದ ಕೆಡುಕಿನ ಲೆಕ್ಕ ಹಾಕುವವರು ಈ ಹುಂಡಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಒಬ್ಬ ರೈತ ಕುಡಿದರೆ ಮನೆ ಕೆಡಬಹುದು. ಎಲ್ಲ ಅಧಿಕಾರ ಕೈಯಲ್ಲಿರುವವನು ಕುಡಿದು, ಮರುದಿನವೂ ಹಟ ಬಿಡದಿದ್ದರೆ ಎರಡು ರಾಜ್ಯಗಳು ಉರಿಯುತ್ತವೆ.

ಮಣಿಯದ ಒಬ್ಬ ಸಂತ

ಯುದ್ಧದ ನಡುವೆ ಸುಲ್ತಾನ ಸತ್ತನೆಂಬ ಗಾಳಿಸುದ್ದಿ ಹಬ್ಬಿತು. ಗಾಳಿಸುದ್ದಿಗೆ ವಾಟ್ಸ್ಆ್ಯಪ್ ಬೇಕಿಲ್ಲ ನೋಡಿ. ದೌಲತಾಬಾದ್‌ನಲ್ಲಿ ಬಹ್ರಾಮ್ ಖಾನ್ ಮಜಂದರಾನಿ ದಂಗೆ ಎದ್ದ. ಮುಹಮ್ಮದ್ ಅಲ್ಲಿಗೆ ಧಾವಿಸಿದಾಗ ದಂಗೆಕೋರರು ಸೋತು ಗುಜರಾತಿನ ಕಡೆ ಓಡಿಹೋದರು. ಹಾಗೆ ಓಡಿಹೋಗಲು ಸಲಹೆ ಕೊಟ್ಟವರು ಸೂಫಿ ಸಂತ ಶೇಖ್ ಜೈನುದ್ದೀನ್ ಎಂದು ಸುಲ್ತಾನನಿಗೆ ತಿಳಿಯಿತು.

ಶೇಖರ ಮೇಲೆ ಅವನಿಗೆ ಹಳೆಯ ಸಿಟ್ಟೂ ಇತ್ತು. ರಾಜ್ಯದ ಉಳಿದ ಧರ್ಮಗುರುಗಳೆಲ್ಲ ಸುಲ್ತಾನನಿಗೆ ನಿಷ್ಠೆ ಸೂಚಿಸಿದ್ದರು. ಮದ್ಯ ಕುಡಿಯುವ, ಧರ್ಮದ ಕಟ್ಟಳೆ ಮೀರುವ ದೊರೆಗೆ ನಿಷ್ಠೆ ಕೊಡಲಾರೆ ಎಂದು ದೂರ ಉಳಿದವರು ಇವರು. ಈಗ ಊರು ಬಿಟ್ಟು ಹೋಗುವಂತೆ ಆಜ್ಞೆಯಾಯಿತು. ಶೇಖರು ತಮ್ಮ ಗುರು ಬುರ್ಹಾನುದ್ದೀನರ ಗೋರಿಯ ಬಳಿ ಹೋಗಿ ಕುಳಿತರು. ತಾಕತ್ತಿದ್ದವರು ಬಂದು ಎಬ್ಬಿಸಲಿ ಎಂಬಂತೆ ಕದಲದೆ ಕುಳಿತರು.

ಸಾವಿರಾರು ಜನರನ್ನು ಕೊಲ್ಲಿಸಿದ ಸುಲ್ತಾನ ಈ ಒಬ್ಬರ ಮುಂದೆ ಮೆತ್ತಗಾದ. ರಾಜಿಯ ಮಾತು ಕಳಿಸಿದ. ಶೇಖರು ಷರತ್ತು ಹಾಕಿದರು. ಹೆಂಡದಂಗಡಿಗಳನ್ನು ಮುಚ್ಚಿಸಬೇಕು, ಜನರ ಎದುರು ಕುಡಿಯಬಾರದು, ಧರ್ಮದ ಕಟ್ಟಳೆಗಳು ಜಾರಿಯಾಗುವಂತೆ ಕಾಜಿಗಳಿಗೆ ಆಜ್ಞೆ ಕೊಡಬೇಕು. ಸುಲ್ತಾನ ಒಪ್ಪಿ ಕಲಬುರಗಿಗೆ ಮರಳಿದ.

ಈ ಷರತ್ತುಗಳನ್ನು ಇನ್ನೊಮ್ಮೆ ಓದಿ. ಅಂಗಡಿ ಪೂರ್ತಿ ಮುಚ್ಚಬೇಕು. ದೊರೆ ಜನರ ಎದುರು ಕುಡಿಯದಿದ್ದರೆ ಸಾಕು. ಜನಸಾಮಾನ್ಯನಿಗೆ ಒಂದು ಅಳತೆ, ಸಿಂಹಾಸನಕ್ಕೆ ಇನ್ನೊಂದು. ಈ ವ್ಯತ್ಯಾಸ ಆಗಿನ ಕಾಲಕ್ಕಷ್ಟೇ ಸೇರಿದ್ದೇನಲ್ಲ.

ದರೋಡೆ ನಿಂತದ್ದು ಹೇಗೆ?

ಕಲಬುರಗಿಗೆ ಬಂದ ಸುಲ್ತಾನ ಹೆಂಡದ ಭಟ್ಟಿಗಳನ್ನು ಮುಚ್ಚಿಸಿದ. ಅದರ ಜೊತೆಗೇ ಇನ್ನೊಂದು ಆಜ್ಞೆ ಹೊರಟಿತು. ದಖ್ಖನ್ನಿನ ದಾರಿಗಳಲ್ಲಿ ವ್ಯಾಪಾರಿಗಳನ್ನು ದೋಚುತ್ತಿದ್ದ ದರೋಡೆಕೋರರನ್ನು ಹುಡುಕಿ ಕೊಲ್ಲುವಂತೆ ಪ್ರಾಂತ್ಯಾಧಿಕಾರಿಗಳಿಗೆ ಹೇಳಿ ಕಳಿಸಿದ. ಕೆಲವೇ ತಿಂಗಳಲ್ಲಿ ಸಾವಿರಾರು ತಲೆಗಳು ಕಲಬುರಗಿಗೆ ಬಂದವು ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ದಾರಿಗಳು ಸುರಕ್ಷಿತವಾದವು.

ಫಾರ್ವರ್ಡ್‌ಗಳು ಎಡವುವುದು ಇಲ್ಲೇ. ಒಂದೇ ಸಮಯಕ್ಕೆ ಎರಡು ಕೆಲಸ ನಡೆದಾಗ, ಫಲ ಯಾವುದರಿಂದ ಬಂತು ಎಂದು ಸುಮ್ಮನೆ ಹೇಳಲಾಗದು. ಜ್ವರ ಬಂದವರು ಮಾತ್ರೆಯನ್ನೂ ನುಂಗಿ, ತಾಯಿತವನ್ನೂ ಕಟ್ಟಿಸಿಕೊಂಡು, ಜ್ವರ ಬಿಟ್ಟ ಮೇಲೆ ತಾಯಿತಕ್ಕೆ ಕೈಮುಗಿದ ಹಾಗೆ ಆಗುತ್ತದೆ. ದರೋಡೆಕೋರರನ್ನೇ ಕೊಂದ ಮೇಲೆ ದರೋಡೆ ಕಡಿಮೆಯಾಗಲು ಹೆಂಡದಂಗಡಿ ಮುಚ್ಚಲೇಬೇಕು ಎಂದೇನಿಲ್ಲ. ವಿಚಾರಣೆ ಇಲ್ಲದೆ ಹೋದ ಆ ತಲೆಗಳಲ್ಲಿ ಎಷ್ಟು ನಿಜವಾದ ದರೋಡೆಕೋರರದ್ದು ಎಂದು ಕೇಳುವವರೂ ಆಗ ಇರಲಿಲ್ಲ. ಅಂಥ ರಾಜ್ಯ ಮತ್ತೆ ಬರಲಿ ಎಂದು ಹಂಚುವವರು ಈ ಭಾಗವನ್ನೂ ಸೇರಿಸಿ ಹಂಚಬೇಕಾಗುತ್ತದೆ.

ಇನ್ನೊಂದು ಸಂಗತಿ. ಈ ವಿವರಗಳನ್ನು ಬರೆದ ಫೆರಿಷ್ತಾ 17ನೇ ಶತಮಾನದ ಆರಂಭದಲ್ಲಿ ವಿಜಯಪುರದ ಆದಿಲ್ ಷಾಹಿ ಆಸ್ಥಾನದಲ್ಲಿದ್ದವನು. ಅಂದರೆ ಘಟನೆ ನಡೆದು ಇನ್ನೂರು ವರ್ಷಗಳ ಮೇಲಾಗಿತ್ತು. ಹಳೆಯ ಗ್ರಂಥಗಳನ್ನು ಓದಿ ಬರೆದಿದ್ದಾನೆ ನಿಜ. ಆದರೂ ಭಟ್ಟಿ ಮುಚ್ಚಿದ ಮೇಲೆ ಎಷ್ಟು ಮನೆಗಳಲ್ಲಿ ಕುಡಿತ ನಿಂತಿತು ಎಂದು ಹೇಳುವ ದಾಖಲೆ ಅವನ ಗ್ರಂಥವಲ್ಲ.

ಕೋಟೆಯಲ್ಲಿ ಉಳಿದದ್ದು, ರಾಜ್ಯದಲ್ಲಿ ಉಳಿಯದ್ದು

ಮುಹಮ್ಮದನ ಕಾಲದ ಒಂದು ಗುರುತು ಇಂದಿಗೂ ಕೋಟೆಯೊಳಗೆ ಇದೆ. ಅದು 1367ರ ಜಾಮಾ ಮಸೀದಿ. ಕಟ್ಟಿದವನು ಇರಾನಿನ ಖಜ್ವಿನ್ ಮೂಲದ ರಫಿ. ಸಾಮಾನ್ಯವಾಗಿ ಮಸೀದಿಗಳಲ್ಲಿ ಇರುವ ತೆರೆದ ಅಂಗಳ ಇಲ್ಲಿಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಹೊದಿಕೆ ಇದೆ. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು ಕಾಣುತ್ತದೆ.

ಆರೂವರೆ ಶತಮಾನ ಕಳೆದರೂ ಕಟ್ಟಡ ನಿಂತಿದೆ. ಮದ್ಯದ ಆಜ್ಞೆ ಅಷ್ಟು ದಿನ ನಿಲ್ಲಲಿಲ್ಲ. 1375ರಲ್ಲಿ ಮುಹಮ್ಮದ್ ತೀರಿಕೊಂಡ. ಹಳೆಯ ಗ್ರಂಥವೊಂದು ಅವನ ಸಾವಿಗೆ ಅಡ್ಡಾದಿಡ್ಡಿ ಬದುಕನ್ನು ಕಾರಣವಾಗಿ ಸೂಚಿಸುತ್ತದೆ. ಅದರರ್ಥ ಕುಡಿತವೇ ಎಂದು ನಂತರದ ಕೆಲವು ಇತಿಹಾಸಕಾರರು ಓದಿಕೊಂಡಿದ್ದಾರೆ. ಅವನ ಗೋರಿ ಕೋಟೆಯ ಹತ್ತಿರ, ತಂದೆಯ ಗೋರಿಯ ಸಮೀಪದಲ್ಲೇ ಇದೆ. 1397ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಷಾ ಮಹಾ ವಿದ್ವಾಂಸ, ಹಾಗೆಯೇ ಮದ್ಯಪ್ರಿಯ ಎಂದೂ ಹೆಸರಾದವನು.

ಮುಂದೆ ರಾಜಧಾನಿ ಬೀದರ್‌ಗೆ ಹೋಯಿತು. ಇಂದು ನಾವು ಕಮಲಾಪುರ, ಹುಮನಾಬಾದ್ ಹಾದು ಹೋಗುವ ದಿಕ್ಕು ಅದು. ಆ ಬೀದರ್‌ನ ಹೆಮ್ಮೆ ಮಂತ್ರಿ ಮಹಮೂದ್ ಗವಾನ್. 1481ರಲ್ಲಿ ಶತ್ರುಗಳು ಅವನ ಮುದ್ರೆ ಬಳಸಿ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ಕುಡಿದ ಅಮಲಿನಲ್ಲಿ, ಪತ್ರ ನಿಜವೋ ಸುಳ್ಳೋ ಎಂದು ವಿಚಾರಿಸದೆ, ಅವನ ತಲೆ ತೆಗೆಸಿದ. ಮರುವರ್ಷ ಸುಲ್ತಾನನೂ ಕುಡಿತದಲ್ಲೇ ಸತ್ತ. ರಾಜ್ಯ ಒಡೆಯತೊಡಗಿತು. ಭಟ್ಟಿ ಮುಚ್ಚಿಸಿದ ವಂಶದ ಕೊನೆಯ ಗಟ್ಟಿ ಆಸರೆಯನ್ನು ಕೆಡವಿದ್ದು ಒಂದು ಸುಳ್ಳು ಪತ್ರ ಮತ್ತು ಅರಮನೆಯ ಮದ್ಯ.

ಹಾಗಾದರೆ ಸರ್ಕಾರ ತಡೆಯಲೇಬಾರದೇ?

ಹಾಗಲ್ಲ. ನನ್ನ ಹೊಟ್ಟೆ, ನನ್ನ ಇಷ್ಟ ಎಂಬ ಎರಡನೇ ಸಂದೇಶವೂ ಪೂರ್ತಿ ಸರಿಯಲ್ಲ. ಮೊದಲು ಆರೋಗ್ಯದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಇಷ್ಟು ಕುಡಿದರೆ ಆರೋಗ್ಯಕ್ಕೆ ಅಪಾಯವೇ ಇಲ್ಲ ಎನ್ನುವ ಪ್ರಮಾಣ ಯಾವುದೂ ಇಲ್ಲ ಎಂದು 2023ರಲ್ಲಿ ಸಂಸ್ಥೆ ಸ್ಪಷ್ಟವಾಗಿ ತಿಳಿಸಿತು. ದಿನಕ್ಕೊಂದು ಪೆಗ್ ಹೃದಯಕ್ಕೆ ಒಳ್ಳೆಯದು ಎಂಬ ಫಾರ್ವರ್ಡ್ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ.

ಎರಡನೆಯದು, ಕುಡಿತದ ಪೆಟ್ಟು ಕುಡಿಯುವವನ ಒಬ್ಬನ ಮೇಲೆಯೇ ಬೀಳುವುದಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ನಮ್ಮ ಭಾಗದ ರಾಯಚೂರು ಜಿಲ್ಲೆಯ ಮಹಿಳೆಯರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಅವರು ಕೇಳಿದ್ದು ಇನ್ನೊಬ್ಬರ ಸಂತೋಷ ಕಿತ್ತುಕೊಳ್ಳಲು ಅಲ್ಲ. ಗಂಡನ ಕೂಲಿ ಮನೆಗೆ ಬರಲಿ, ರಾತ್ರಿ ಹೊಡೆತ ಬೀಳದಿರಲಿ ಎಂದು. ಅವರ ಪಾಲಿಗೆ ಅದು ಇನ್ನೊಬ್ಬರ ವೈಯಕ್ತಿಕ ಆಯ್ಕೆಯಲ್ಲ, ತಮ್ಮ ಮನೆಯ ಸುರಕ್ಷತೆ.

ಮೂರನೆಯದು, ನಿಷೇಧಕ್ಕೆ ಲಾಭವೂ ಇದೆ, ಬೆಲೆಯೂ ಇದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು, ಬೇರೆ ಮದ್ಯ ಉಳಿಯಿತು. ಬಿಹಾರದಲ್ಲಿ 2016ರಿಂದ ಪೂರ್ಣ ನಿಷೇಧವಿದೆ. ಅಲ್ಲಿ ನಿತ್ಯ ಕುಡಿಯುವವರು ಕಡಿಮೆಯಾದರು, ಗಂಡನಿಂದಾಗುವ ಹಿಂಸೆಯೂ ತಗ್ಗಿತು ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಅದೇ ಬಿಹಾರದಲ್ಲಿ 2022ರ ಡಿಸೆಂಬರ್‌ನಲ್ಲಿ ಕಳ್ಳಭಟ್ಟಿ ಕುಡಿದು ಹತ್ತಾರು ಜನ ಸತ್ತರು.

ಕಳ್ಳಭಟ್ಟಿ ಕೊಲ್ಲುವುದು ಹೆಚ್ಚಾಗಿ ಮೆಥನಾಲ್‌ನಿಂದ. ನೋಡಲು ಮಾಮೂಲಿ ಮದ್ಯದಂತೆಯೇ ಇರುತ್ತದೆ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ, ಆಮೇಲೆ ಜೀವ ತೆಗೆಯುತ್ತದೆ. ಬೆಂಗಳೂರಿನಲ್ಲಿ 1981ರಲ್ಲಿ ಇಂಥದ್ದೇ ವಿಷಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದರು. ಕಲಬುರಗಿ, ರಾಯಚೂರು ಭಾಗದಲ್ಲಿ ಸೇಂದಿಗೆ ಬೆರೆಸುವ ಸಿ.ಎಚ್. ಪೌಡರ್ ಕೂಡ ಅಷ್ಟೇ ಅಪಾಯ. ಅದು ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆ ಬರಿಸುವ ರಾಸಾಯನಿಕ. ಚಟ ಹಿಡಿಸುತ್ತದೆ, ಹೆಚ್ಚಾದರೆ ಉಸಿರೇ ನಿಲ್ಲಿಸಬಹುದು. ಕುಡಿದ ನಂತರ ಕಣ್ಣು ಮಂಜಾದರೆ, ಹೊಟ್ಟೆ ಹಿಂಡಿ ವಾಂತಿಯಾದರೆ, ನಿಂಬೆಹಣ್ಣು, ಮಜ್ಜಿಗೆ ಎಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮೆಥನಾಲ್‌ಗೆ ಚಿಕಿತ್ಸೆ ಇದೆ, ಆದರೆ ಹೊತ್ತು ಮೀರಬಾರದು.

ಹೆಲ್ಮೆಟ್ ಹೇಳುವ ಪಾಠ

ಕಲಬುರಗಿ ಕೋಟೆಯಿಂದ, ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರದ ಕಡೆ ಬೈಕಿನಲ್ಲಿ ಹೋಗುವಾಗ ಹೆಲ್ಮೆಟ್ ಹಾಕಬೇಕು ಎನ್ನುತ್ತದೆ ಕಾನೂನು. ಇದೂ ನಿಮ್ಮ ಒಳ್ಳೆಯದಕ್ಕಾಗಿ ನಿಮ್ಮ ಮೇಲೆ ಹೇರಿದ ನಿಯಮವೇ. ಆದರೆ ಮುಹಮ್ಮದ್ ಷಾನ ಆಜ್ಞೆಗೂ ಇದಕ್ಕೂ ವ್ಯತ್ಯಾಸಗಳಿವೆ.

ಇದಕ್ಕೆ ಪುರಾವೆ ಇದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಅಪಘಾತಕ್ಕೀಡಾದ ಸವಾರರಲ್ಲಿ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42%, ತಲೆಗೆ ಪೆಟ್ಟಾಗುವ ಅಪಾಯವನ್ನು ಸುಮಾರು 69% ಕಡಿಮೆ ಮಾಡುತ್ತದೆ. ಇದು ಎಲ್ಲಿಗಾದರೂ ಹೋಗುವ ನಿಮ್ಮ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದಿಲ್ಲ. ತಪ್ಪಿದರೆ ದಂಡ ಬೀಳುತ್ತದೆ, ತಲೆ ಹೋಗುವುದಿಲ್ಲ. ಕಾನೂನನ್ನು ಪ್ರಶ್ನಿಸಲು ನ್ಯಾಯಾಲಯವಿದೆ, ಬದಲಿಸಲು ಮತವಿದೆ. ಕಾಗದದ ಮೇಲಾದರೂ ಶಾಸಕನ ಮಗನಿಗೂ ಕೂಲಿಕಾರನ ಮಗನಿಗೂ ಒಂದೇ ನಿಯಮ.

ನಮ್ಮ ಒಳ್ಳೆಯದಕ್ಕೆ ಎಂದು ಸರ್ಕಾರ ಯಾವ ನಿಯಮ ತಂದರೂ ಈ ಪ್ರಶ್ನೆಗಳನ್ನು ಕೇಳಬಹುದು:

- ಕೆಡುಕು ಮಾಡಿಕೊಳ್ಳುವವನಿಗೆ ಮಾತ್ರವೋ, ಪಕ್ಕದವರಿಗೂ ಇದೆಯೋ?
- ನಿಯಮದಿಂದ ಕೆಡುಕು ತಗ್ಗುತ್ತದೆ ಎನ್ನಲು ಪುರಾವೆ ಇದೆಯೇ?
- ಬಾಗಿಲು ಮುಚ್ಚಿದರೆ ಅದಕ್ಕಿಂತ ಅಪಾಯದ ಕಳ್ಳದಾರಿ ತೆರೆಯುತ್ತದೆಯೇ?
- ಚಟ ಹಿಡಿದವರಿಗೆ ಶಿಕ್ಷೆಯ ಜೊತೆ ಚಿಕಿತ್ಸೆಯೂ ಇದೆಯೇ?
- ನಿಯಮ ಮಾಡಿದವರಿಗೂ ಅದು ಅನ್ವಯಿಸುತ್ತದೆಯೇ?

ಮುಹಮ್ಮದ್ ಷಾನ ಆಜ್ಞೆ ಕೊನೆಯ ಪ್ರಶ್ನೆಯಲ್ಲೇ ಸೋಲುತ್ತದೆ. ಅವನನ್ನು ತಡೆಯುವ ಕಾನೂನು ಯಾವುದೂ ಇರಲಿಲ್ಲ. ಹೆದರದೆ ಕುಳಿತ ಒಬ್ಬ ಸಂತರು ಸ್ವಲ್ಪ ಮಟ್ಟಿಗೆ ತಡೆದರು, ಅಷ್ಟೇ. ಇಂದು ಆ ಕೆಲಸ ಮಾಡಬೇಕಾದವರು ಪ್ರಶ್ನೆ ಕೇಳುವ ನಾವು ನೀವು.

ಮುಂದಿನ ಬಾರಿ ರಾಜರ ಕಾಲದ ಒಂದೇ ಆಜ್ಞೆಯ ಕಥೆ ನಿಮ್ಮ ಗುಂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಕಲಬುರಗಿ ಕೋಟೆಯಿಂದ ಹೊರಟ ಆ ಹುಂಡಿಯನ್ನು ನೆನಪಿಸಿಕೊಳ್ಳಿ. ಆ ಆಜ್ಞೆ ಆ ರಾಜನಿಗೂ ಇತ್ತೇ ಎಂದು ಕಳಿಸಿದವರನ್ನು ಕೇಳಿ ನೋಡಿ.